ಅಮಲು, ಅಭಾವ, ಅಡ್ಡೆ

ಮಾದಕವಸ್ತು ಮತ್ತು ಅಪರಾಧ ಎಂಬ ಎರಡು ಮಾತುಗಳು ಪತ್ರಿಕಾ ವರದಿಗಳಲ್ಲಿ, ವಿಧಾನಸಭೆಯ ಚರ್ಚೆಗಳಲ್ಲಿ, ಪೊಲೀಸ್ ಪ್ರಕಟಣೆಗಳಲ್ಲಿ ಯಾವಾಗಲೂ ಜೊತೆಯಾಗಿಯೇ ಕಾಣಿಸಿಕೊಳ್ಳುವುದರಿಂದ, ಅವೆರಡರ ನಡುವಿನ ನಂಟು ಯಾವ ಬಗೆಯದು ಎಂದು ಕೇಳುವ ಅಗತ್ಯವೇ ಇಲ್ಲವೆಂಬಂತಾಗಿದೆ. ಚಟಕ್ಕೆ ಬಿದ್ದವನು ದಾರಿ ತಪ್ಪುತ್ತಾನೆ, ದಾರಿ ತಪ್ಪಿದವನು ಕಳ್ಳನೋ ಕೊಲೆಗಾರನೋ ಆಗುತ್ತಾನೆ ಎಂಬ ಸರಳ ತರ್ಕ ಬಹುಮಂದಿಗೆ ಸಾಕೆನಿಸುತ್ತದೆ. ಆದರೆ ಈ ನಂಟಿನ ಒಂದು ದೊಡ್ಡ ಪಾಲು ಕಾನೂನಿನ ವ್ಯಾಖ್ಯೆಯಿಂದಲೇ ಹುಟ್ಟಿದ್ದು. ಭಾರತದಲ್ಲಿ 1985ರ ಮಾದಕದ್ರವ್ಯಗಳು ಮತ್ತು ಮನೋಪರಿಣಾಮಕಾರಿ ಪದಾರ್ಥಗಳ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿ ಎನ್‌ಡಿಪಿಎಸ್ ಎಂದೇ ಬಳಕೆಯಲ್ಲಿರುವ ಕಾಯ್ದೆಯ 27ನೇ ಕಲಂ, ಇಂಥ ಪದಾರ್ಥದ ಸೇವನೆಯನ್ನೇ ಅಪರಾಧವೆಂದು ಪರಿಗಣಿಸುವುದರಿಂದ, ಗಾಂಜಾ ಸೇದುವ ಪ್ರತಿಯೊಬ್ಬನೂ ಬೇರೆ ಯಾರಿಗೂ ಕೇಡು ಮಾಡದೆಯೇ ಅಪರಾಧಿಯಾಗುತ್ತಾನೆ. ಆ ಅರ್ಥದಲ್ಲಿ ವ್ಯಸನಕ್ಕೂ ಅಪರಾಧಕ್ಕೂ ನಂಟಿದೆ ಎನ್ನುವುದು ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಂತೆ. ಪರಿಶೀಲಿಸಬೇಕಾದ ಪ್ರಶ್ನೆ ಬೇರೆಯದು: ಕಳವು, ಸುಲಿಗೆ, ಹಲ್ಲೆ, ಕೊಲೆ ಮುಂತಾದ, ಪರರಿಗೆ ಕೇಡುಂಟುಮಾಡುವ ಕೃತ್ಯಗಳಿಗೆ ಮಾದಕವಸ್ತು ಕಾರಣವಾಗುತ್ತದೆಯೆ, ಆಗುವುದಾದರೆ ಯಾವ ಹಾದಿಯಲ್ಲಿ?

ಈ ಪ್ರಶ್ನೆಯನ್ನು ಭಾರತದಲ್ಲಿ ವಿಧಿವತ್ತಾಗಿ ಕೇಳಿದ್ದು ನೂರಮೂವತ್ತು ವರ್ಷಗಳಷ್ಟು ಹಿಂದೆ. ಗಾಂಜಾ ಸೇವನೆಯಿಂದ ಭಾರತೀಯರು ಹುಚ್ಚರೂ ಅಪರಾಧಿಗಳೂ ಆಗುತ್ತಿದ್ದಾರೆಂಬ ದೂರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೇಳಿಬಂದುದರಿಂದ 1893ರಲ್ಲಿ ನೇಮಕವಾದ ಭಾರತೀಯ ಸೆಣಬು ಮಾದಕಗಳ ಆಯೋಗದಲ್ಲಿ ಏಳು ಸದಸ್ಯರಿದ್ದು, ಅವರಲ್ಲಿ ಮೂವರು ಭಾರತೀಯರಾಗಿದ್ದರು. ಆಯೋಗವು 1,193 ಸಾಕ್ಷಿಗಳನ್ನು ವಿಚಾರಿಸಿ, ಮರುವರ್ಷ ಹಲವು ಸಂಪುಟಗಳ ವರದಿಯನ್ನು ಒಪ್ಪಿಸಿತು. ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ರೋಗಕ್ಕೆ ಕಾರಣ ‘ಗಾಂಜಾ’ ಎಂದು ಬರೆದಿದ್ದ ಪ್ರಕರಣಗಳ ಬೆನ್ನುಹತ್ತಿ ಹೋದಾಗ, ರೋಗಿಯನ್ನು ಹಿಡಿದು ತಂದ ಪೊಲೀಸರು ವಿಚಾರಣೆಯನ್ನೇ ಮಾಡದೆ ಆ ಅಂಕಣವನ್ನು ತುಂಬಿದ್ದರೆಂಬುದೂ, ವೈದ್ಯರು ಅದನ್ನೇ ನಕಲು ಮಾಡಿಕೊಂಡಿದ್ದರೆಂಬುದೂ ಎಷ್ಟೋ ಕಡೆ ಬಯಲಾಯಿತು. ಅಪರಾಧದ ವಿಷಯದಲ್ಲಿಯೂ ಮಿತವಾದ ಸೇವನೆಗೂ ಅಪರಾಧಕ್ಕೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ, ಅತಿಯಾದ ಸೇವನೆಯೂ ಕೆಡಿಸುವುದು ಮುಖ್ಯವಾಗಿ ಸೇವಿಸುವವನನ್ನೇ ಎಂಬ ನಿರ್ಣಯಕ್ಕೆ ಬಂದ ಆಯೋಗ, ಸಂಪೂರ್ಣ ನಿಷೇಧದ ಬದಲು ತೆರಿಗೆ ಮತ್ತು ಪರವಾನಗಿಯ ಹತೋಟಿಯನ್ನು ಸೂಚಿಸಿತು. ಗಾಂಜಾದ ಆದಾಯ ಸರ್ಕಾರದ ಬೊಕ್ಕಸಕ್ಕೇ ಹೋಗುತ್ತಿದ್ದುದರಿಂದ ಈ ನಿರ್ಣಯವನ್ನು ಅನುಮಾನದಿಂದ ಕಾಣಲು ಕಾರಣವಿದೆ. ಆದರೂ ಕಾರಣವೆಂದು ಬರೆದದ್ದೆಲ್ಲ ಕಾರಣವಲ್ಲ ಎಂಬ ಅದರ ಎಚ್ಚರ ಇಂದಿಗೂ ಹಳತಾಗಿಲ್ಲ. ಬಂಧಿತನ ರಕ್ತದಲ್ಲಿ ಮಾದಕದ ಅಂಶ ಸಿಕ್ಕಿತೆಂದ ಮಾತ್ರಕ್ಕೆ ಅವನ ಕೃತ್ಯ ಆ ಮಾದಕದಿಂದಲೇ ಆಯಿತೆಂದು ಹೇಳಲಾಗದು.

ಕಾರಣದ ಹಾದಿಗಳನ್ನು ಬೇರ್ಪಡಿಸಿ ತೋರಿಸಿದ ಕೀರ್ತಿ ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಗೋಲ್ಡ್‌ಸ್ಟೈನ್ ಅವರಿಗೆ ಸಲ್ಲಬೇಕು. 1985ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಮಾದಕವಸ್ತು ಮತ್ತು ಹಿಂಸೆಯ ನಡುವಿನ ನಂಟನ್ನು ಮೂರಾಗಿ ವಿಂಗಡಿಸಿದರು. ಮಾದಕವು ಮೆದುಳಿನ ಮೇಲೆ ಮಾಡುವ ಪರಿಣಾಮದಿಂದಲೇ ಮನುಷ್ಯ ಹಿಂಸೆಗಿಳಿಯುವುದು ಮೊದಲನೆಯದು. ದುಬಾರಿಯಾದ ಮಾದಕವನ್ನು ಕೊಳ್ಳುವ ಹಣಕ್ಕಾಗಿ ವ್ಯಸನಿ ಕಳವಿಗೆ, ಸುಲಿಗೆಗೆ ಕೈಹಾಕುವುದು ಎರಡನೆಯದು. ಕಾನೂನಿನ ಆಸರೆಯಿಲ್ಲದ ಮಾರುಕಟ್ಟೆಯಲ್ಲಿ ವ್ಯಾಪಾರದ ವ್ಯಾಜ್ಯಗಳು ಚಾಕು, ಪಿಸ್ತೂಲುಗಳಿಂದ ತೀರ್ಮಾನವಾಗುವುದು ಮೂರನೆಯದು. ಈ ಮೂರನ್ನು ಇಲ್ಲಿ ಅನುಕ್ರಮವಾಗಿ ಅಮಲು, ಅಭಾವ, ಅಡ್ಡೆ ಎಂದು ಕರೆಯಬಹುದು. ಮೂರೂ ಒಂದರೊಳಗೊಂದು ಬೆರೆಯುತ್ತವೆಂಬುದು ನಿಜ. ಆದರೆ ಒಂದಕ್ಕೆ ಮದ್ದಾಗುವ ಕ್ರಮ ಇನ್ನೊಂದನ್ನು ಉಲ್ಬಣಗೊಳಿಸಬಹುದಾದ ಕಾರಣ ಅವುಗಳನ್ನು ಬಿಡಿಸಿ ನೋಡುವುದು ಅನಿವಾರ್ಯ.

ಅಮಲಿನಿಂದ ಹುಟ್ಟುವ ಹಿಂಸೆಯ ಮಾತು ಬಂದಾಗ ಸಾಮಾನ್ಯ ಕಲ್ಪನೆಗೂ ವಾಸ್ತವಕ್ಕೂ ಇರುವ ಅಂತರ ಅಚ್ಚರಿ ಹುಟ್ಟಿಸುವಂಥದು. ಅಫೀಮಿನಿಂದ ಬರುವ ಮಾರ್ಫಿನ್, ಹೆರಾಯಿನ್‌ಗಳು ದೇಹವನ್ನೂ ಮನಸ್ಸನ್ನೂ ಮಂದಗೊಳಿಸುವ ಪದಾರ್ಥಗಳಾಗಿದ್ದು, ಅವುಗಳ ಅಮಲಿನಲ್ಲಿರುವವನು ತೂಕಡಿಸುತ್ತಾನೆಯೇ ಹೊರತು ಹೊಡೆದಾಟಕ್ಕೆ ನಿಲ್ಲುವುದು ಅಪರೂಪ. ಗಾಂಜಾದ ಅಮಲೂ ಹೆಚ್ಚಿನವರಲ್ಲಿ ಜಡತ್ವವನ್ನೇ ತರುತ್ತದೆ. ಮನೋರೋಗದ ಒಲವಿರುವ ಕೆಲವರಲ್ಲಿ ಮಾತ್ರ ಭ್ರಮೆ, ಭಯಗಳನ್ನು ಕೆರಳಿಸಬಲ್ಲದು. ಕೊಕೇನ್, ಆಂಫೆಟಮೈನ್ ಮುಂತಾದ ಉತ್ತೇಜಕಗಳನ್ನು ಹೆಚ್ಚು ಪ್ರಮಾಣದಲ್ಲಿ ದಿನಗಟ್ಟಲೆ ಬಳಸಿದವರಲ್ಲಿ ನಿದ್ರೆಗೆಟ್ಟು, ಎಲ್ಲರೂ ತನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆಂಬ ಸಂಶಯ ಬೆಳೆದು, ಅದು ಹಿಂಸೆಗೆ ತಿರುಗುವ ಸಾಧ್ಯತೆ ಉಂಟು. ಆದರೆ ಜಗತ್ತಿನ ಬಹುತೇಕ ಕಡೆಗಳಲ್ಲಿ ಅಮಲಿನ ಹಿಂಸೆಯೊಂದಿಗೆ ಅತ್ಯಂತ ಗಟ್ಟಿಯಾಗಿ ತಳಕು ಹಾಕಿಕೊಂಡಿರುವ ಪದಾರ್ಥ, ಸರ್ಕಾರದ ಪರವಾನಗಿ ಪಡೆದ ಅಂಗಡಿಗಳಲ್ಲಿ ಮಾರಾಟವಾಗುವ ಮದ್ಯ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆಗಾಗ ಕುಡಿದು ಅಮಲೇರುವ ಗಂಡಂದಿರ ಹೆಂಡತಿಯರಲ್ಲಿ ಸುಮಾರು ಶೇ 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುವುದಾಗಿ ಹೇಳಿದರೆ, ಕುಡಿಯದ ಗಂಡಂದಿರ ಹೆಂಡತಿಯರಲ್ಲಿ ಆ ಪ್ರಮಾಣ ಕಾಲುಭಾಗಕ್ಕಿಂತ ಕಡಿಮೆಯಿತ್ತು. ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರ ಪ್ರಮಾಣದಲ್ಲಿ ಅದೇ ಸಮೀಕ್ಷೆ ಕರ್ನಾಟಕಕ್ಕೆ ಶೇ 44ರೊಂದಿಗೆ ದೇಶದಲ್ಲೇ ಮೊದಲ ಸ್ಥಾನ ಕೊಟ್ಟಿತು. ಇಲ್ಲಿಯೂ ಆಯೋಗದ ಹಳೆಯ ಎಚ್ಚರವನ್ನು ನೆನೆಯಬೇಕು: ಕುಡಿಯದ ಗಂಡಂದಿರ ಮನೆಗಳಲ್ಲೂ ಹಿಂಸೆ ಇದೆ ಎಂಬುದು ಅದೇ ಅಂಕಿಯ ಇನ್ನೊಂದು ಮುಖ. ಹೆಂಡತಿಯ ಮೇಲೆ ಕೈಮಾಡುವ ಹಕ್ಕು ತನಗಿದೆಯೆಂದು ನಂಬಿದವನಿಗೆ ಮದ್ಯ ಅಂಕೆಯನ್ನು ಸಡಿಲಿಸಿ, ಮರುದಿನಕ್ಕೊಂದು ನೆಪವನ್ನೂ ಒದಗಿಸುತ್ತದೆ. ಸಂಶೋಧಕರಾದ ಕ್ರೇಗ್ ಮ್ಯಾಕ್‌ಆಂಡ್ರೂ ಮತ್ತು ರಾಬರ್ಟ್ ಎಡ್ಜರ್ಟನ್ 1969ರಲ್ಲಿಯೇ ಹಲವು ಸಮುದಾಯಗಳ ಕುಡಿತದ ರೀತಿಗಳನ್ನು ಹೋಲಿಸಿ, ಅಮಲಿನಲ್ಲಿ ಮನುಷ್ಯ ಹೇಗೆ ವರ್ತಿಸುತ್ತಾನೆಂಬುದು ಬಹುಮಟ್ಟಿಗೆ ಅವನ ಸಮಾಜ ಕುಡಿದವನಿಂದ ಏನನ್ನು ನಿರೀಕ್ಷಿಸುತ್ತದೆ, ಎಷ್ಟನ್ನು ಮನ್ನಿಸುತ್ತದೆ ಎಂಬುದನ್ನು ಅವಲಂಬಿಸಿರುತ್ತದೆಂದು ವಾದಿಸಿದ್ದರು. ‘ಕುಡಿದ ಮತ್ತಿನಲ್ಲಿ ಆಗಿಹೋಯಿತು’ ಎಂಬ ಮಾತನ್ನು ನ್ಯಾಯಪಂಚಾಯಿತಿಯ ಕಟ್ಟೆಯಲ್ಲಿ ಕೇಳಿ ತಲೆದೂಗುವ ಸಮಾಜ ಆ ಮತ್ತಿಗೆ ತಾನೂ ಒಂದಿಷ್ಟು ಸುರಿದಿರುತ್ತದೆ. ಭಾರತದ ಅಪರಾಧ ಕಾನೂನಂತೂ ತನ್ನಿಷ್ಟದಿಂದ ಕುಡಿದವನಿಗೆ ಈ ನೆಪವನ್ನು ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ಅಮಲಿಲ್ಲದಿದ್ದರೆ ಅವನಿಗೆ ಇರಬಹುದಾಗಿದ್ದ ತಿಳಿವಳಿಕೆ ಅಮಲಿನಲ್ಲೂ ಇತ್ತೆಂದೇ ಅದು ಭಾವಿಸುತ್ತದೆ.

ಅಭಾವದ ಹಾದಿಯನ್ನು ಅರಿಯಬೇಕಾದರೆ ವ್ಯಸನದ ದೈಹಿಕ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಹೆರಾಯಿನ್‌ನಂಥ ಪದಾರ್ಥವನ್ನು ದಿನವೂ ಬಳಸಿದಾಗ ದೇಹ ಅದಕ್ಕೆ ಒಗ್ಗಿಕೊಂಡು, ಮೊದಲಿನಷ್ಟೇ ಪರಿಣಾಮಕ್ಕೆ ಹೆಚ್ಚು ಹೆಚ್ಚು ಪ್ರಮಾಣವನ್ನು ಬೇಡತೊಡಗುತ್ತದೆ. ಬಳಕೆ ನಿಂತ ಕೆಲವೇ ಗಂಟೆಗಳಲ್ಲಿ ಮೂಗು ಕಣ್ಣುಗಳಲ್ಲಿ ನೀರು, ಮೈಕೈ ಸೆಳೆತ, ಬೆವರು, ವಾಂತಿ, ಭೇದಿ, ನಿದ್ರಾಹೀನತೆ ಮುಂತಾದ ಹಿಂತೆಗೆತದ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗದಿದ್ದರೂ ಈ ಸಂಕಟ ಎಷ್ಟು ತೀವ್ರವೆಂದರೆ, ಅದನ್ನು ತಪ್ಪಿಸಿಕೊಳ್ಳುವುದೇ ವ್ಯಸನಿಯ ದಿನಚರಿಯ ಏಕೈಕ ಗುರಿಯಾಗುತ್ತದೆ. ಈ ಹಂತದಲ್ಲಿ ಅವನು ಹೆರಾಯಿನ್ ಬಳಸುವುದು ಸುಖಕ್ಕಾಗಿ ಅಲ್ಲ, ನೆಟ್ಟಗೆ ನಿಲ್ಲುವುದಕ್ಕಾಗಿ. ಇಂಥ ಪದಾರ್ಥದ ಬೆಲೆ ಕೂಲಿಗಿಂತ ಹೆಚ್ಚಾದಾಗ ಉಳಿದ ದಾರಿಗಳು ಮನೆಯ ಪಾತ್ರೆ ಮಾರುವುದು, ಸಾಲ, ಕಳವು, ಮೈಮಾರಾಟ ಅಥವಾ ತಾನೇ ಸಣ್ಣ ಪೆಡ್ಲರ್ ಆಗಿ ಇತರರಿಗೆ ಮಾಲು ತಲುಪಿಸುವುದು.

ಆದರೆ ಕಳವನ್ನು ಹುಟ್ಟಿಸುವುದು ಅವಲಂಬನೆಯೊಂದೇ ಅಲ್ಲ, ಅವಲಂಬನೆ ಮತ್ತು ಬೆಲೆ ಎರಡೂ ಕೂಡಿದ ಸ್ಥಿತಿ ಎಂಬುದನ್ನು ಇತಿಹಾಸ ಸ್ಪಷ್ಟವಾಗಿ ತೋರಿಸುತ್ತದೆ. ಬಾಯರ್ ಕಂಪನಿ 1898ರಲ್ಲಿ ಹೆರಾಯಿನನ್ನು ಕೆಮ್ಮಿನ ಔಷಧಿಯಾಗಿ ಮಾರುಕಟ್ಟೆಗೆ ತಂದ ಕಾಲದಲ್ಲಿ ಅಮೆರಿಕದ ಅಫೀಮು ವ್ಯಸನಿಗಳ ಪೈಕಿ ದೊಡ್ಡ ಗುಂಪು, ವೈದ್ಯರು ಬರೆದುಕೊಟ್ಟ ಮಾರ್ಫಿನ್‌ಗೂ ಅಂಗಡಿಯ ಟಾನಿಕ್‌ಗಳಿಗೂ ಒಗ್ಗಿಹೋದ ಮಧ್ಯವಯಸ್ಸಿನ ಗೃಹಿಣಿಯರದಾಗಿತ್ತು. ಅವರು ವ್ಯಸನಿಗಳಾಗಿದ್ದರು ನಿಜ, ಆದರೆ ಔಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತಿದ್ದ ವಸ್ತುವಿಗಾಗಿ ಅವರಾರೂ ಕನ್ನ ಕೊರೆಯಲಿಲ್ಲ. 1914ರ ಹ್ಯಾರಿಸನ್ ಕಾಯ್ದೆ ಮೇಲ್ನೋಟಕ್ಕೆ ತೆರಿಗೆ ಮತ್ತು ನೋಂದಣಿಯ ಕಾನೂನು. ಆದರೆ ವ್ಯಸನಿಯ ಅವಲಂಬನೆಯನ್ನು ಮುಂದುವರಿಸಲು ಮಾದಕ ಬರೆದುಕೊಡುವುದು ವೈದ್ಯವೃತ್ತಿಯ ಕೆಲಸವಲ್ಲವೆಂದು ಸುಪ್ರೀಂ ಕೋರ್ಟು 1919ರಲ್ಲಿ ತೀರ್ಪು ಕೊಟ್ಟ ಮೇಲೆ ವೈದ್ಯರು ಬಂಧನಕ್ಕೆ ಹೆದರಿ ಹಿಂದೆ ಸರಿದರು, ನಗರಗಳು ತೆರೆದಿದ್ದ ಚಿಕಿತ್ಸಾಲಯಗಳು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದವು. ಕಾಳಸಂತೆಯ ಬೆಲೆ ಏರಿತು. ಮುಂದಿನ ತಲೆಮಾರಿನ ವ್ಯಸನಿಯ ಚಿತ್ರವೆಂದರೆ ನಗರದ ಬಡ ಕೇರಿಯ ಯುವಕ, ಜೇಬುಗಳ್ಳ.

ಅದೇ ಹೊತ್ತಿಗೆ ಬ್ರಿಟನ್ ಬೇರೆ ದಾರಿ ಹಿಡಿಯಿತು. 1926ರಲ್ಲಿ ವರದಿ ಒಪ್ಪಿಸಿದ ರೋಲ್‌ಸ್ಟನ್ ಸಮಿತಿ, ವ್ಯಸನವನ್ನು ರೋಗವೆಂದು ಒಪ್ಪಿ, ಬಿಡಲಾಗದವನಿಗೆ ವೈದ್ಯರು ಮಾರ್ಫಿನ್ ಇಲ್ಲವೆ ಹೆರಾಯಿನ್ ಬರೆದುಕೊಡಬಹುದೆಂದಿತು. 1960ರ ಹೊತ್ತಿಗೂ ಆ ದೇಶದಲ್ಲಿ ಗುರುತಿಸಲಾಗಿದ್ದ ವ್ಯಸನಿಗಳು ಕೆಲವೇ ನೂರು ಮಂದಿ. ಇದು ಆ ವ್ಯವಸ್ಥೆಯ ಫಲವೇ, ಅಥವಾ ವ್ಯಸನಿಗಳು ಕಡಿಮೆಯಿದ್ದುದರಿಂದಲೇ ಅಂಥ ಉದಾರ ವ್ಯವಸ್ಥೆ ನಡೆಯಿತೇ ಎಂಬ ವಾದ ಇನ್ನೂ ಮುಗಿದಿಲ್ಲ. 1980ರ ದಶಕದಲ್ಲಿ ಪಾಕಿಸ್ತಾನ, ಅಫ್ಗಾನಿಸ್ತಾನ, ಇರಾನ್‌ಗಳ ಕಡೆಯಿಂದ ಅಗ್ಗದ, ಸೇದಬಹುದಾದ ಕಂದು ಹೆರಾಯಿನ್ ಬಂದಿಳಿದು, ಕಾರ್ಖಾನೆಗಳು ಮುಚ್ಚಿ ನಿರುದ್ಯೋಗ ತುಂಬಿದ್ದ ಲಿವರ್‌ಪೂಲ್ ಸುತ್ತಲಿನ ಮರ್ಸಿಸೈಡ್ ಪ್ರದೇಶವನ್ನು ಮೊದಲು ಆವರಿಸಿದಾಗ ಮನೆಗಳ್ಳತನವೂ ಅಲ್ಲಿ ಬೇರೆಡೆಗಿಂತ ಮೊದಲೇ ಏರಿತು. 2014ರಲ್ಲಿ ಬ್ರಿಟಿಷ್ ಗೃಹ ಇಲಾಖೆ ಪ್ರಕಟಿಸಿದ ಅಧ್ಯಯನವೊಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರ ದಶಕದ ನಡುವಿನವರೆಗೆ ಕಂಡ ಕಳವಿನ ಏರಿಕೆಯ ಅರ್ಧದಷ್ಟಾದರೂ ಹೆರಾಯಿನ್ ಮತ್ತು ಕ್ರ್ಯಾಕ್ ಕೊಕೇನ್ ಬಳಕೆಯ ಅಲೆಯಿಂದ ಆಗಿರಬಹುದೆಂದು ಅಂದಾಜಿಸಿತು. ಆ ಅಲೆಯ ತಲೆಮಾರು ವಯಸ್ಸಾಗಿ, ಚಿಕಿತ್ಸೆಗೆ ಸೇರಿ, ಇಲ್ಲವೆ ಸತ್ತುಹೋದಂತೆ ಕಳವೂ ಇಳಿಯಿತು.

ಇಷ್ಟಾದರೂ ಹೆರಾಯಿನ್ ಒಳ್ಳೆಯ ಹುಡುಗರನ್ನು ಕಳ್ಳರನ್ನಾಗಿಸಿತು ಎಂಬ ಕಥೆ ಪೂರ್ತಿ ನಿಜವಲ್ಲ. ಮರ್ಸಿಸೈಡ್‌ಗೆ ಸೇರಿದ ವಿರಲ್‌ನಲ್ಲಿ ಹೊವರ್ಡ್ ಪಾರ್ಕರ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಕಳವಿನಲ್ಲಿ ತೊಡಗಿದ್ದ ಹೆರಾಯಿನ್ ಬಳಕೆದಾರರಲ್ಲಿ ಅನೇಕರು ಹೆರಾಯಿನ್ ಮುಟ್ಟುವ ಮೊದಲೇ ಪೊಲೀಸ್ ದಾಖಲೆಯಲ್ಲಿದ್ದರೆಂದೂ, ವ್ಯಸನ ಬಂದ ಮೇಲೆ ಅವರ ಕಳವುಗಳ ಸಂಖ್ಯೆ ಬಹಳವಾಗಿ ಹೆಚ್ಚಿತೆಂದೂ ಕಂಡುಬಂತು. ಶಾಲೆ ಬಿಟ್ಟ, ಕೆಲಸವಿಲ್ಲದ, ಮನೆಯ ಆಸರೆ ತೆಳುವಾದ ಯುವಕನ ಬದುಕಿನಲ್ಲಿ ಸಣ್ಣ ಕಳವೂ ಮಾದಕವೂ ಒಂದೇ ಬೀದಿಯಿಂದ, ಒಂದೇ ಗೆಳೆಯರ ಗುಂಪಿನಿಂದ ಬರುತ್ತವೆ. ವ್ಯಸನ ಅಪರಾಧವನ್ನು ಹೊಸದಾಗಿ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಇದ್ದ ಅಪರಾಧವನ್ನು ಹಲವು ಪಟ್ಟು ಹಿಗ್ಗಿಸುತ್ತದೆ, ಮತ್ತು ಸಾಮಾನ್ಯವಾಗಿ ಮದುವೆ, ಉದ್ಯೋಗಗಳ ವಯಸ್ಸಿಗೆ ತಾನಾಗಿ ನಿಂತುಹೋಗಬಹುದಾದ ಅಪರಾಧಜೀವನವನ್ನು ನಲವತ್ತರವರೆಗೂ ಎಳೆಯುತ್ತದೆ.

ಬೆಲೆಯನ್ನು ತೆಗೆದುಹಾಕಿದರೆ ಕಳವು ಏನಾಗುತ್ತದೆ ಎಂಬುದನ್ನು ಹೆಚ್ಚುಕಡಿಮೆ ಪ್ರಯೋಗದಂತೆಯೇ ಪರೀಕ್ಷಿಸಿ ನೋಡಿದ್ದು ಸ್ವಿಟ್ಜರ್ಲೆಂಡ್. ಜ್ಯೂರಿಕ್ ನಗರದ ಮುಖ್ಯ ರೈಲು ನಿಲ್ದಾಣದ ಬೆನ್ನಿಗೆ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹಿಂದೆ, ಲಿಮ್ಮಾಟ್ ಮತ್ತು ಸಿಲ್ ನದಿಗಳು ಕೂಡುವಲ್ಲಿರುವ ಪ್ಲಾಟ್ಸ್‌ಪಿಟ್ಸ್ ಉದ್ಯಾನದಲ್ಲಿ 1980ರ ದಶಕದ ಕೊನೆಯ ಭಾಗದಲ್ಲಿ ವ್ಯಸನಿಗಳು ಬಹಿರಂಗವಾಗಿ ಸೂಜಿ ಚುಚ್ಚಿಕೊಳ್ಳುವುದನ್ನು ಅಧಿಕಾರಿಗಳು ಕಂಡೂ ಕಾಣದಂತೆ ಬಿಟ್ಟರು. ಊರಿನ ಎಲ್ಲ ಬೀದಿಗಳಲ್ಲಿ ಹರಡಿಕೊಳ್ಳುವುದಕ್ಕಿಂತ ಒಂದೆಡೆ ಇರಲಿ ಎಂಬುದು ಲೆಕ್ಕಾಚಾರವಾಗಿತ್ತು. ಯೂರೋಪಿನ ಮೂಲೆಮೂಲೆಗಳಿಂದ ವ್ಯಸನಿಗಳೂ ವರ್ತಕರೂ ಅಲ್ಲಿಗೆ ಬಂದು ಸೇರಿದರು. ಏಡ್ಸ್ ತಡೆಯಲು ವೈದ್ಯರು ಅಲ್ಲಿ ಶುದ್ಧ ಸೂಜಿಗಳನ್ನು ಹಂಚಿದರು, ಉಸಿರು ನಿಂತವರನ್ನು ಬದುಕಿಸಿದರು. 1992ರ ಫೆಬ್ರವರಿಯಲ್ಲಿ ಉದ್ಯಾನಕ್ಕೆ ಬೀಗ ಬಿದ್ದಾಗ ಜನ ಸುತ್ತಲಿನ ವಸತಿ ಬಡಾವಣೆಗಳ ಮೆಟ್ಟಿಲುಗಳಿಗೆ ಚದುರಿ, ಕಡೆಗೆ ಲೆಟ್ಟನ್ ಎಂಬ ಪಾಳುಬಿದ್ದ ರೈಲು ನಿಲ್ದಾಣದಲ್ಲಿ ಮತ್ತೆ ಗುಂಪುಗೂಡಿದರು. ಬರಿಯ ಸಹನೆಯೂ ಬರಿಯ ಲಾಠಿಯೂ ಕೆಲಸಕ್ಕೆ ಬಾರವೆಂಬುದು ಐದಾರು ವರ್ಷಗಳಲ್ಲಿಯೇ ಎರಡೂ ಪಕ್ಷಗಳಿಗೆ ಮನವರಿಕೆಯಾಯಿತು.

1995ರ ಫೆಬ್ರವರಿಯಲ್ಲಿ ಲೆಟ್ಟನ್ ನಿಲ್ದಾಣವೂ ಮುಚ್ಚಿತು, ಆದರೆ ಈ ಸಲ ಮುಚ್ಚುವ ಮೊದಲೇ ವ್ಯಸನಿಗಳಿಗೆ ಹೋಗಲು ಜಾಗಗಳನ್ನು ಸಿದ್ಧಪಡಿಸಲಾಗಿತ್ತು. ಅವುಗಳಲ್ಲಿ ಮುಖ್ಯವಾದುದು ಮೆಥಡೋನ್ ಚಿಕಿತ್ಸೆ. ಬಾಯಿಂದ ಸೇವಿಸುವ ಮೆಥಡೋನ್ ಹೆರಾಯಿನ್‌ನಂತೆಯೇ ಅಫೀಮಿನ ಗುಣದ್ದಾದರೂ, ಒಂದು ಗುಟುಕಿನ ಪರಿಣಾಮ ಇಡೀ ದಿನ ಇರುವುದರಿಂದ ಅಮಲಿನ ಏರಿಳಿತವಿಲ್ಲದೆ ಹಿಂತೆಗೆತದ ಸಂಕಟವನ್ನು ತಡೆಯುತ್ತದೆ. ನ್ಯೂಯಾರ್ಕಿನ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ 1965ರಲ್ಲಿ ಕೇವಲ 22 ರೋಗಿಗಳ ಅನುಭವದ ಮೇಲೆ ಈ ಚಿಕಿತ್ಸೆಯನ್ನು ಲೋಕಕ್ಕೆ ಪರಿಚಯಿಸಿದ್ದರು. ಮೆಥಡೋನ್ ಕೂಡ ಫಲಿಸದ, ಹಲವು ಬಾರಿ ಚಿಕಿತ್ಸೆ ಕೈಕೊಟ್ಟ, ದೀರ್ಘಕಾಲದ ವಯಸ್ಕ ವ್ಯಸನಿಗಳಿಗೆ ಸ್ವಿಸ್ ಸರ್ಕಾರ 1994ರಿಂದ ಶುದ್ಧ ಹೆರಾಯಿನನ್ನೇ ಚಿಕಿತ್ಸಾಲಯದಲ್ಲಿ, ದಾದಿಯರ ಕಣ್ಣೆದುರಿನಲ್ಲಿ, ದಿನಕ್ಕೆ ಎರಡು ಮೂರು ಬಾರಿ ಚುಚ್ಚಿಕೊಳ್ಳಲು ಕೊಟ್ಟಿತು. ಮನೆಗೆ ಒಯ್ಯುವಂತಿರಲಿಲ್ಲ. ಸಾವಿರಕ್ಕೂ ಹೆಚ್ಚು ಮಂದಿ ಒಳಗೊಂಡ ಈ ಪ್ರಯೋಗದ ವರದಿಯನ್ನು ಆಂಬ್ರೋಸ್ ಉಖ್ಟೆನ್‌ಹಾಗೆನ್ ನೇತೃತ್ವದ ತಂಡ 1997ರಲ್ಲಿ ಪ್ರಕಟಿಸಿದಾಗ, ಅಕ್ರಮ ಮತ್ತು ಅರೆ-ಅಕ್ರಮ ದಾರಿಗಳಿಂದ ಹಣ ಗಳಿಸುತ್ತಿದ್ದವರ ಪ್ರಮಾಣ ಶೇ 69ರಿಂದ ಶೇ 10ಕ್ಕೆ ಇಳಿದಿತ್ತು. ರೋಗಿಗಳ ಬಾಯಿಮಾತನ್ನಷ್ಟೇ ನಂಬದೆ ಪೊಲೀಸ್ ದಾಖಲೆಗಳನ್ನೂ ತುಲನೆ ಮಾಡಿದ ಅಪರಾಧಶಾಸ್ತ್ರಜ್ಞ ಮಾರ್ಟಿನ್ ಕಿಲಿಯಾಸ್ ಮತ್ತಿತರರಿಗೂ ಕಳವು, ಮಾರಾಟಗಳ ತೀವ್ರ ಇಳಿಕೆ ಕಂಡಿತು.

ಈ ಪ್ರಯೋಗದಲ್ಲಿ ಹೋಲಿಸಿ ನೋಡಲು ಸರಿಯಾದ ಇನ್ನೊಂದು ಗುಂಪಿರಲಿಲ್ಲ, ಹೆರಾಯಿನ್ ಜೊತೆಗೆ ವಸತಿ, ಉದ್ಯೋಗ, ಆಪ್ತಸಮಾಲೋಚನೆಯ ನೆರವೂ ಸಿಕ್ಕಿದ್ದರಿಂದ ಫಲ ಯಾವುದರದೆಂದು ಹೇಳಲಾಗದು ಎಂಬ ಟೀಕೆ ಬಂತು, ಮತ್ತು ಅದು ನ್ಯಾಯವಾದ ಟೀಕೆಯೇ. ನೆದರ್‌ಲೆಂಡ್ಸ್ ಮತ್ತು ಜರ್ಮನಿಗಳಲ್ಲಿ ನಂತರ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಗಳಲ್ಲಿಯೂ ಮೆಥಡೋನ್ ಗುಂಪಿಗಿಂತ ಹೆರಾಯಿನ್ ಗುಂಪಿನ ಸ್ಥಿತಿ ಉತ್ತಮವಾಗಿತ್ತು. ಇನ್ನೊಂದು ಭಯ, ಸರ್ಕಾರವೇ ಹೆರಾಯಿನ್ ಕೊಟ್ಟರೆ ಯುವಕರು ಅದರತ್ತ ಮುಗಿಬೀಳುತ್ತಾರೆ ಎಂಬುದು. ನಡೆದದ್ದು ಅದಕ್ಕೆ ತದ್ವಿರುದ್ಧ: ಜ್ಯೂರಿಕ್ ಪ್ರಾಂತದಲ್ಲಿ ಹೊಸದಾಗಿ ಹೆರಾಯಿನ್ ಚಟಕ್ಕೆ ಬೀಳುವವರ ಸಂಖ್ಯೆ 1990ರಲ್ಲಿ 850 ಇದ್ದದ್ದು 2002ರ ಹೊತ್ತಿಗೆ 150ಕ್ಕೆ ಇಳಿಯಿತೆಂದು 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಬಂಡಾಯದ ಬೆಡಗು ಕಳಚಿ, ನಡುವಯಸ್ಸಿನವರು ಸರತಿಯಲ್ಲಿ ನಿಂತು ಪಡೆಯುವ ಮದ್ದಾದ ಮೇಲೆ ಹೆರಾಯಿನ್ ಹುಡುಗರ ಕಣ್ಣಿಗೆ ಸೋತವರ ಸರಕಾಯಿತು. 2008ರ ನವೆಂಬರ್‌ನಲ್ಲಿ ಜನಮತಗಣನೆಗೆ ಹೋದಾಗ ಮತ ಹಾಕಿದ ಸ್ವಿಸ್ ಪ್ರಜೆಗಳಲ್ಲಿ ಶೇ 68ರಷ್ಟು ಮಂದಿ ಈ ಚಿಕಿತ್ಸೆಯನ್ನು ಶಾಶ್ವತ ಕಾನೂನಾಗಿಸಲು ಒಪ್ಪಿದರು. ಅದೇ ದಿನ ಗಾಂಜಾವನ್ನು ಅಪರಾಧಮುಕ್ತಗೊಳಿಸುವ ಪ್ರಸ್ತಾಪವನ್ನು ದೊಡ್ಡ ಅಂತರದಿಂದ ತಳ್ಳಿಹಾಕಿದರು. ಸಂಪ್ರದಾಯಪ್ರಿಯರಾದ ಆ ಮತದಾರರನ್ನು ಒಲಿಸಿದ್ದು ವ್ಯಸನಿಗಳ ಮೇಲಿನ ಮರುಕಕ್ಕಿಂತ, ಕಳವು ನಿಂತ ಬೀದಿಗಳ ಅನುಭವವೇ ಇರಬೇಕು.

ಅಡ್ಡೆಯ ಹಿಂಸೆ ಇವೆರಡಕ್ಕಿಂತಲೂ ಬೇರೆ ಜಾತಿಯದು, ಏಕೆಂದರೆ ಅದರಲ್ಲಿ ತೊಡಗುವವನು ವ್ಯಸನಿಯೇ ಆಗಿರಬೇಕೆಂದಿಲ್ಲ. ಮಾಲು ಕೊಟ್ಟು ದುಡ್ಡು ಬಾರದಿದ್ದರೆ ಅಂಗಡಿಯವನು ನ್ಯಾಯಾಲಯದ ಮೊರೆಹೋಗಬಹುದು. ಗಾಂಜಾ, ಕೊಕೇನ್ ವರ್ತಕನಿಗೆ ಆ ಬಾಗಿಲು ಮುಚ್ಚಿರುವುದರಿಂದ ಸಾಲ ವಸೂಲಿ, ಕಲಬೆರಕೆಯ ದೂರು, ಮಾರಾಟದ ಮೂಲೆಯ ಹಕ್ಕು, ಪೊಲೀಸ್ ಮಾಹಿತಿದಾರನ ಶಿಕ್ಷೆ ಇವೆಲ್ಲಕ್ಕೂ ತೋಳ್ಬಲವೇ ಕಾನೂನು. ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ಕ್ರ್ಯಾಕ್ ಕೊಕೇನಿನ ಹಾವಳಿ ತುದಿ ಮುಟ್ಟಿದ್ದ 1988ರ ನ್ಯೂಯಾರ್ಕಿನಲ್ಲಿ 414 ಕೊಲೆ ಪ್ರಕರಣಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾದಕಕ್ಕೆ ಸಂಬಂಧಿಸಿದ್ದವು. ಅವುಗಳ ಪೈಕಿ ಸುಮಾರು ಮುಕ್ಕಾಲು ಪಾಲು ವ್ಯಾಪಾರದ ಜಗಳಗಳು. ಹಣಕ್ಕಾಗಿ ವ್ಯಸನಿ ಮಾಡಿದ ಕೊಲೆಗಳು ಬೆರಳೆಣಿಕೆಯಷ್ಟು, ಅಮಲಿನ ಕೊಲೆಗಳಲ್ಲಿ ಹೆಚ್ಚಿನವು ಮದ್ಯದ್ದು. ವ್ಯಸನಿ ಕಳ್ಳನಾಗುತ್ತಾನೆ, ಕೊಲೆಗಾರನಾಗುವುದು ವಿರಳ ಎಂಬುದೇ ಇದರ ಅರ್ಥ. ಅಮೆರಿಕ 1920ರಿಂದ 1933ರವರೆಗೆ ಮದ್ಯವನ್ನು ನಿಷೇಧಿಸಿದ್ದಾಗ ಶಿಕಾಗೊದ ಬೀದಿಗಳಲ್ಲಿ ಹರಿದ ರಕ್ತವೂ ಇದೇ ಅಡ್ಡೆಯದು. ನಿಷೇಧ ಹೋದ ಮೇಲೆ ಮದ್ಯದ ಅಮಲಿನ ಹಿಂಸೆ ಉಳಿಯಿತು, ಮದ್ಯ ವರ್ತಕರ ಗುಂಡಿನ ಕಾಳಗ ನಿಂತಿತು. ಪೊಲೀಸರು ದೊಡ್ಡ ವರ್ತಕನೊಬ್ಬನನ್ನು ಹಿಡಿದಾಗ ಅವನ ಖಾಲಿ ಜಾಗಕ್ಕಾಗಿ ಕಿರಿಯರು ಕಾದಾಡುವುದರಿಂದ ಕಠಿಣ ಕಾರ್ಯಾಚರಣೆಯ ನಂತರ ಕೆಲಕಾಲ ಹಿಂಸೆ ಹೆಚ್ಚುವುದೂ ಉಂಟು. ಮೆಕ್ಸಿಕೊ ಸರ್ಕಾರ 2006ರ ಕೊನೆಯಲ್ಲಿ ಸೈನ್ಯವನ್ನು ಕಳ್ಳಸಾಗಣೆ ಕೂಟಗಳ ಮೇಲೆ ಬಿಟ್ಟ ನಂತರದ ವರ್ಷಗಳು ಇದಕ್ಕೆ ಭೀಕರ ನಿದರ್ಶನ.

ಕರ್ನಾಟಕಕ್ಕೆ ನಿಷೇಧದ ಪಾಠ ಬೇರೆ ರೂಪದಲ್ಲಿ ಬಂದಿತು. ಬಡವರ ದುಡಿಮೆಯನ್ನು ನುಂಗುತ್ತಿದ್ದ ಸಾರಾಯಿಯನ್ನು ರಾಜ್ಯ ಸರ್ಕಾರ 2007ರ ಜುಲೈ 1ರಿಂದ ನಿಷೇಧಿಸಿತು; ಹಳ್ಳಿಯ ಹೆಂಗಸರ ಬಹುಕಾಲದ ಬೇಡಿಕೆ ಅದಾಗಿದ್ದುದರಿಂದ ಅದರ ನೈತಿಕ ಬಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪೊಟ್ಟಣದ ಸಾರಾಯಿ ಕುಡಿಯುತ್ತಿದ್ದವನ ಅವಲಂಬನೆಗೆ ಚಿಕಿತ್ಸೆಯ ಏರ್ಪಾಡು ಅದರೊಂದಿಗೆ ಬರಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು ಮತ್ತು ಕೋಲಾರದ ಕಡೆಗಳಲ್ಲೂ ಗಡಿಯಾಚೆಯ ಕೃಷ್ಣಗಿರಿಯಲ್ಲೂ ವಿಷಭರಿತ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಸತ್ತವರು ವ್ಯಸನಿಗಳು, ಅಪರಾಧ ಅಡ್ಡೆಯದು.

ಎನ್‌ಡಿಪಿಎಸ್ ಕಾಯ್ದೆ ಈ ಮೂರು ಹಾದಿಗಳನ್ನು ಎಷ್ಟರಮಟ್ಟಿಗೆ ಬೇರ್ಪಡಿಸುತ್ತದೆ? 1985ರ ಮೂಲ ಕಾಯ್ದೆಯಲ್ಲಿ ಜೇಬಿನಲ್ಲಿ ಒಂದು ಚಿಟಿಕೆ ಇಟ್ಟುಕೊಂಡವನಿಗೂ ಲಾರಿಗಟ್ಟಲೆ ಸಾಗಿಸಿದವನಿಗೂ ನಡುವೆ ಅಂತರ ತೀರ ಕಡಿಮೆಯಿತ್ತು. 2001ರ ತಿದ್ದುಪಡಿ ‘ಅಲ್ಪ ಪ್ರಮಾಣ’ ಮತ್ತು ‘ವಾಣಿಜ್ಯ ಪ್ರಮಾಣ’ ಎಂಬ ಮೆಟ್ಟಿಲುಗಳನ್ನು ತಂದಿತು. ಗಾಂಜಾಕ್ಕೆ ಇವು ಕ್ರಮವಾಗಿ 1 ಕಿಲೊ ಮತ್ತು 20 ಕಿಲೊ, ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ, ಬೆಂಗಳೂರಿನ ಪಾರ್ಟಿಗಳಿಂದ ಸುದ್ದಿಗೆ ಬರುವ ಎಂಡಿಎಂಎ ಮಾತ್ರೆಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ ಸೆರೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆಯೆಂದು ನ್ಯಾಯಾಲಯಕ್ಕೆ ಮೊದಲೇ ಅನಿಸದ ಹೊರತು ಜಾಮೀನೂ ಇಲ್ಲ. ತೂಕದ ಈ ಲೆಕ್ಕ ಅನುಕೂಲಕರವಾದರೂ ಕುರುಡಾದದ್ದು. ಗಾಂಜಾ ಬೆಳೆಯುವ ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಿಂದ ಬೆಂಗಳೂರಿಗೆ ಚೀಲ ಹೊತ್ತು ತರುವ ಕೂಲಿಯಾಳಿನ ಕೈಯಲ್ಲಿ ವಾಣಿಜ್ಯ ಪ್ರಮಾಣವಿರುತ್ತದೆ. ಅವನಿಗೆ ಕೂಲಿ ಕೊಟ್ಟವನ ಕೈಯಲ್ಲಿ ಒಂದು ಮೊಬೈಲ್ ಮಾತ್ರ. ಇದೇ ಕಾಯ್ದೆ ಗಾಂಜಾ ಗಿಡದ ಹೂತುದಿ ಮತ್ತು ಅಂಟನ್ನು ನಿಷೇಧಿಸಿ ಎಲೆಯನ್ನು ಹೊರಗಿಟ್ಟಿರುವುದರಿಂದ ಭಂಗಿ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂಬ ಸಂಗತಿಯೂ, ಅದು ಮದ್ಯದ ಹೆಸರನ್ನೇ ಎತ್ತದ ಸಂಗತಿಯೂ, ಕಾನೂನಿನ ಶ್ರೇಣಿ ಮತ್ತು ಕೇಡಿನ ಶ್ರೇಣಿ ಒಂದೇ ಅಲ್ಲವೆಂಬುದನ್ನು ನೆನಪಿಸುತ್ತವೆ.

ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಸುಮಾರು 16 ಕೋಟಿ ಮಂದಿ ಮದ್ಯವನ್ನೂ, 3.1 ಕೋಟಿ ಮಂದಿ ಭಂಗಿ-ಗಾಂಜಾ-ಚರಸ್‌ಗಳನ್ನೂ, 2.26 ಕೋಟಿ ಮಂದಿ ಅಫೀಮು ಬಗೆಯ ಪದಾರ್ಥಗಳನ್ನೂ ಬಳಸುತ್ತಾರೆ. ಹೆರಾಯಿನ್ ಮುಂತಾದವುಗಳ ಹಾವಳಿ ಈಶಾನ್ಯ ರಾಜ್ಯಗಳಲ್ಲಿ, ಪಂಜಾಬ್, ಹರಿಯಾಣ, ದೆಹಲಿಗಳಲ್ಲಿ ಹೆಚ್ಚು. ಕರ್ನಾಟಕದಲ್ಲಿ ಅಷ್ಟಿಲ್ಲವಾದ ಕಾರಣ ಮರ್ಸಿಸೈಡ್‌ನ ಕಥೆಯನ್ನು ಹಾಗೆಯೇ ಇಲ್ಲಿಗೆ ತಂದು ಹೊಂದಿಸುವುದು ತಪ್ಪಾಗುತ್ತದೆ. ಇಲ್ಲಿನ ನಗರಗಳಲ್ಲಿ ಕಾಣುವುದು ಮುಖ್ಯವಾಗಿ ಮದ್ಯದ ಅಮಲು ಮತ್ತು ಬೆಳೆಯುತ್ತಿರುವ ಅಡ್ಡೆ. ಮಕ್ಕಳ ವಿಷಯವಂತೂ ಈ ಯಾವ ಚೌಕಟ್ಟಿನೊಳಗೂ ಸರಿಯಾಗಿ ಕೂರುವುದಿಲ್ಲ: ಪಂಕ್ಚರ್ ಅಂಟಿಸುವ ಸೊಲ್ಯೂಷನ್, ವೈಟ್ನರ್ ಮುಂತಾದವುಗಳನ್ನು ಬಟ್ಟೆಗೆ ಹಾಕಿ ಆವಿಯನ್ನು ಸೇದುವ ಚಟ ಅದೇ ಸಮೀಕ್ಷೆಯಲ್ಲಿ ವಯಸ್ಕರಿಗಿಂತ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡುಬಂದಿದ್ದು, ಈ ವಸ್ತುಗಳು ಎನ್‌ಡಿಪಿಎಸ್ ಪಟ್ಟಿಯಲ್ಲೂ ಇಲ್ಲ, ಕಳವು ಮಾಡಿಸುವಷ್ಟು ದುಬಾರಿಯೂ ಅಲ್ಲ. ಆ ಮಕ್ಕಳು ಅಪರಾಧದ ಅಂಕಿಅಂಶಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮಾಲು ಸಾಗಿಸಲು ಯಾರಾದರೂ ಅವರನ್ನು ಬಳಸಿಕೊಂಡಾಗ. ಹಾಗೆ ಬಳಸಿಕೊಳ್ಳುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆಯಿದೆ.

ಅದೇ ಏಮ್ಸ್ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾದ ಅಂಕಿ ಚಿಕಿತ್ಸೆಯದು. ಮದ್ಯ ಅವಲಂಬಿತರಲ್ಲಿ 38 ಮಂದಿಗೆ ಒಬ್ಬರು, ಅಕ್ರಮ ಮಾದಕಗಳ ಅವಲಂಬಿತರಲ್ಲಿ 20 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆಯನ್ನು ಕಂಡಿದ್ದಾರೆ. ಮೆಥಡೋನ್‌ನ ಕೆಲಸವನ್ನೇ ಮಾಡುವ, ನಾಲಗೆಯ ಕೆಳಗಿಡುವ ಬ್ಯೂಪ್ರಿನಾರ್ಫಿನ್ ಮಾತ್ರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆಯಾದರೂ, ಆ ಯೋಜನೆ ರೂಪುಗೊಂಡದ್ದು ಸೂಜಿಯಿಂದ ಎಚ್‌ಐವಿ ಹರಡುವುದನ್ನು ತಡೆಯಲು. ಕಳವನ್ನು ತಡೆಯುವ ಸಾಧನವಾಗಿ ಅದನ್ನು ಯಾವ ಗೃಹ ಇಲಾಖೆಯೂ ತನ್ನದೆಂದು ಹೇಳಿಕೊಂಡಂತಿಲ್ಲ. ಎನ್‌ಡಿಪಿಎಸ್ ಕಾಯ್ದೆಯಲ್ಲಿಯೇ ಒಂದು ಕಿಂಡಿ ಇದೆ. 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಆದರೆ ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದೆಂಬ ಷರತ್ತೂ ಅದರ ಬೆನ್ನಿಗಿದೆ. ಮನೋವೈದ್ಯರು ಬಲ್ಲಂತೆ ವ್ಯಸನವು ಮರುಕಳಿಸುವ ಸ್ವಭಾವದ ಕಾಯಿಲೆ. ಬಿಟ್ಟವರಲ್ಲಿ ಹೆಚ್ಚಿನವರು ಒಂದೆರಡು ಬಾರಿಯಾದರೂ ಮತ್ತೆ ಹಿಡಿದು, ಮತ್ತೆ ಬಿಟ್ಟವರು. ಜ್ಯೂರಿಕ್‌ನಲ್ಲಿ ಹೆರಾಯಿನ್ ಚಿಕಿತ್ಸೆಗೆ ಅರ್ಹತೆಯಾಗಿದ್ದುದೇ ಮೊದಲಿನ ಚಿಕಿತ್ಸೆಗಳಲ್ಲಿ ಸೋತಿರುವುದು. ಇಲ್ಲಿ ಅದೇ ಸೋಲು ವ್ಯಸನಿಯನ್ನು ಆಸ್ಪತ್ರೆಯಿಂದ ಕಟಕಟೆಗೆ ಮರಳಿಸುವ ಕಾರಣವಾಗಬಲ್ಲದು. ಮರಳಿ ಬಂದವನ ಮುಂದಿನ ಪ್ರಮಾಣಕ್ಕೆ ಹಣ ಎಲ್ಲಿಂದ ಬರುತ್ತದೆಂಬುದನ್ನು ಆ ಕಲಂ ಕೇಳುವುದಿಲ್ಲ.